ಸಾರಿನ ಪುಡಿಯ ವಿಳಾಸ

ಮನೆಯಲ್ಲಿ ಕಾಣದೆಹೋದ ಪದಾರ್ಥವನ್ನು ಹುಡುಕಿ ತೆಗೆಯುವ ವಿದ್ಯೆ ಗಂಡಸರಿಗೆ ಒಲಿದುದಲ್ಲ. ಕನ್ನಡಕ ಎಲ್ಲಿ, ಕೊಡೆ ಎಲ್ಲಿ, ಹೋದ ವರ್ಷದ ಕಂದಾಯದ ರಸೀತಿ ಎಲ್ಲಿ ಎಂದು ಯಜಮಾನರು ನಡುಮನೆಯಲ್ಲಿ ನಿಂತು ಕೂಗುತ್ತಾರೆ. ಅಡಿಗೆಮನೆಯಿಂದ ಹೊರಗೆ ಬಾರದೆಯೇ ಗೃಹಿಣಿ, ‘ಬೀರುವಿನ ಎರಡನೆಯ ಅರೆ, ಎಡಗಡೆ, ಮದುವೆ ಆಲ್ಬಮ್ಮಿನ ಕೆಳಗೆ’ ಎಂದು ಉತ್ತರ ಕೊಡುತ್ತಾಳೆ. ಹೋಗಿ ನೋಡಿದರೆ ವಸ್ತು ಅಲ್ಲಿಯೇ ಇರುತ್ತದೆ. ಸಾಮಾನುಗಳೆಲ್ಲ ಮನೆಯ ತುಂಬ ಹರಡಿಕೊಂಡಿರುತ್ತವೆ. ಅವುಗಳ ಸೂಚಿ ಮಾತ್ರ ಒಬ್ಬಳ ತಲೆಯಲ್ಲಿರುತ್ತದೆ. ಇಂಥ ಏರ್ಪಾಡಿನಲ್ಲಿರುವ ಅಪಾಯ ಆಕೆ ಇಲ್ಲವಾದ ದಿನದವರೆಗೆ ಯಾರ ಗಮನಕ್ಕೂ ಬರುವುದಿಲ್ಲ.

ಬೆಂಗಳೂರಿನ ಜಯನಗರದಲ್ಲಿರುವ ಒಬ್ಬ ಗೃಹಸ್ಥರ ಗಮನಕ್ಕೆ ಅದು ಬಂದು ಮೂರು ವರ್ಷವಾಯಿತು. ಅವರು ನಿವೃತ್ತ ಎಂಜಿನಿಯರು. ಹೆಸರು ಹೇಳುವ ಅಗತ್ಯವಿಲ್ಲ. ಯಜಮಾನರು ಎಂದರೆ ಸಾಕು. ನೆರೆಹೊರೆಯವರ ಮುಂದೆ ಅವರ ಹೆಂಡತಿ ಅವರನ್ನು ಹಾಗೆಯೇ ಹೇಳುತ್ತಿದ್ದುದು.

ಒಂದು ಸಂಜೆ ಪುಣೆಯಲ್ಲಿರುವ ಮಗಳು ಫೋನು ಮಾಡಿದಳು.

‘ಅಪ್ಪಾ, ಅಮ್ಮ ಸಾರಿನ ಪುಡಿಯ ಅಳತೆ ಎಲ್ಲಾದರೂ ಬರೆದಿಟ್ಟಿದ್ದಾಳೆಯೇ, ಸ್ವಲ್ಪ ನೋಡು. ಅವಳು ಕೊಟ್ಟುಕಳಿಸಿದ್ದ ಕೊನೆಯ ಡಬ್ಬಿ ತಳ ಕಂಡಿತು.’

ಮೂರು ವರ್ಷ ಕಾಪಾಡಿಕೊಂಡು ಬಂದ ಡಬ್ಬಿ! ಯಜಮಾನರು ಅಡಿಗೆಮನೆಯ ಡಬ್ಬಿಗಳ ಹಿಂದೆ, ಹಳೆಯ ಡೈರಿಗಳೊಳಗೆ, ದೇವರ ಪೆಟ್ಟಿಗೆಯಲ್ಲಿದ್ದ ಸ್ತೋತ್ರದ ಪುಸ್ತಕಗಳ ನಡುವೆ ಎಲ್ಲ ನೋಡಿದರು. ಹಾಲಿನ ಲೆಕ್ಕ ಸಿಕ್ಕಿತು, ಅಗಸನ ಲೆಕ್ಕ ಸಿಕ್ಕಿತು, ಸಾರಿನ ಪುಡಿಯ ಲೆಕ್ಕ ಸಿಕ್ಕಲಿಲ್ಲ. ಸಿಕ್ಕುವುದಾದರೂ ಹೇಗೆ? ಯಾರು ಕೇಳಿದರೂ ಆಕೆ ಕೊಡುತ್ತಿದ್ದ ಉತ್ತರ ಒಂದೇ: ‘ಅದಕ್ಕೆಲ್ಲ ಅಳತೆ ಏನು ಬಂತು, ಕಣ್ಣಳತೆ.’

ಆದರೆ ಆ ರಾತ್ರಿ ನಿದ್ದೆ ಬಾರದೆ ಮಲಗಿದ್ದ ಯಜಮಾನರಿಗೆ ಒಂದು ಸಂಗತಿ ನೆನಪಾಯಿತು. ಆಕೆ ಒಮ್ಮೆ ಅಳತೆ ಬರೆದಿದ್ದಳು. ಜೀವಮಾನದಲ್ಲಿ ಒಂದೇ ಒಂದು ಸಲ. ೧೯೯೩ರ ಡಿಸೆಂಬರಿನಲ್ಲಿ, ಹಿಮ ಸುರಿಯುತ್ತಿದ್ದ ಅಮೆರಿಕದ ಒಂದು ವಿಶ್ವವಿದ್ಯಾಲಯದ ಊರಿನಲ್ಲಿ, ಗುರುತು ಪರಿಚಯವಿಲ್ಲದ ಯಾವನೋ ಹುಡುಗನಿಗೆ.

ಯಜಮಾನರು ಅಲ್ಲಿಗೆ ೧೯೯೧ರಲ್ಲಿ ಉನ್ನತ ವ್ಯಾಸಂಗಕ್ಕೆಂದು ಹೋಗಿದ್ದರು, ಜೊತೆಯಲ್ಲಿ ಹೊಸದಾಗಿ ಕೈಹಿಡಿದ ಹೆಂಡತಿ. ಹಗಲೆಲ್ಲ ಆಕೆಗೆ ಮಾತನಾಡಲು ಜನವಿಲ್ಲ, ಊರಿಗೆ ಫೋನು ಮಾಡಿದರೆ ನಿಮಿಷಕ್ಕೆ ಡಾಲರುಗಳ ಲೆಕ್ಕ. ಬೇಸರ ಕಳೆಯಲೆಂದು ಯಜಮಾನರು ಟೆಲಿಫೋನಿಗೆ ಮೋಡೆಮ್ ಪೆಟ್ಟಿಗೆಯನ್ನು ಸಿಕ್ಕಿಸಿ, ವಿಶ್ವವಿದ್ಯಾಲಯದ ಕಂಪ್ಯೂಟರಿನ ಮೂಲಕ ಯೂಸ್‌ನೆಟ್ ಎಂಬುದನ್ನು ತೋರಿಸಿಕೊಟ್ಟರು. ಆಕೆ ದಿನಾ ಓದುತ್ತಿದ್ದಳು, ಏನೂ ಬರೆಯುತ್ತಿರಲಿಲ್ಲ. ಒಂದು ದಿನ ಯಾವ ಊರಿನಲ್ಲಿಯೋ ಇದ್ದ ಕನ್ನಡದ ವಿದ್ಯಾರ್ಥಿಯೊಬ್ಬ, ಮನೆಯ ಸಾರು ಉಂಡು ಆರು ತಿಂಗಳಾಯಿತು, ಇಲ್ಲಿ ಸಿಕ್ಕುವ ಸಾಮಾನಿನಲ್ಲಿ ಪುಡಿ ಮಾಡುವುದು ಹೇಗೆ, ಯಾರಾದರೂ ತಿಳಿಸಿ ಎಂದು ಗೋಗರೆದಿದ್ದನು. ಆಕೆಗೆ ಕನಿಕರ ಬಂದಿತು. ಕಣ್ಣಳತೆಯನ್ನು ಟೆಲಿಫೋನು ತಂತಿಯ ಮೇಲೆ ಕಳಿಸುವಂತಿಲ್ಲವಲ್ಲ! ಕಾಫಿಯ ಬಟ್ಟಲನ್ನು ಮುಂದಿಟ್ಟುಕೊಂಡು, ಪ್ರತಿಯೊಂದನ್ನೂ ಅಳೆದು ಅಳೆದು, ಒಂದು ಮಧ್ಯಾಹ್ನವೆಲ್ಲ ಕುಳಿತು ಬರೆದು ಹಾಕಿದಳು.

ಯೂಸ್‌ನೆಟ್ ಎಂಬ ಹೆಸರು ಇಂದಿನ ಎಳೆಯರಿಗೆ ಹೊಸದಾಗಿ ಕೇಳಿಸೀತು. ಅದು ಹುಟ್ಟಿದುದು ೧೯೭೯ರಲ್ಲಿ, ಅಮೆರಿಕದ ಡ್ಯೂಕ್ ವಿಶ್ವವಿದ್ಯಾಲಯದಲ್ಲಿ. ಟಾಮ್ ಟ್ರಸ್ಕಾಟ್, ಜಿಮ್ ಎಲ್ಲಿಸ್ ಎಂಬ ಇಬ್ಬರು ವಿದ್ಯಾರ್ಥಿಗಳು ಯೋಚನೆ ಹೂಡಿದರು. ನೆರೆಯ ಚಾಪೆಲ್ ಹಿಲ್‌ನಲ್ಲಿ ಓದುತ್ತಿದ್ದ ಸ್ಟೀವ್ ಬೆಲೋವಿನ್ ಅದಕ್ಕೆ ಬೇಕಾದ ಮೊದಲ ಕ್ರಮವಿಧಿಯನ್ನು ಬರೆದುಕೊಟ್ಟನು. ಒಂದು ಕಂಪ್ಯೂಟರು ಟೆಲಿಫೋನಿನಲ್ಲಿ ಇನ್ನೊಂದನ್ನು ಕರೆದು, ‘ನನ್ನಲ್ಲಿ ಬಂದಿರುವ ಹೊಸ ಓಲೆಗಳು ಇವು, ನಿನ್ನಲ್ಲಿರುವುದನ್ನು ಕೊಡು’ ಎಂದು ಅದಲುಬದಲು ಮಾಡಿಕೊಳ್ಳುವುದು. ಅದು ಮುಂದಿನದಕ್ಕೆ, ಮುಂದಿನದು ಮತ್ತೊಂದಕ್ಕೆ. ಹೀಗೆ ಒಬ್ಬನ ಮಾತು ಊರಿಂದೂರಿಗೆ ನಕಲಾಗುತ್ತ ಹೋಗುತ್ತಿದ್ದಿತು. ನಡುವೆ ಒಡೆಯನೆಂಬುವನಿಲ್ಲ, ಪ್ರಧಾನ ಕಚೇರಿಯಿಲ್ಲ. ಓಲೆಗಳನ್ನು ವಿಷಯಾನುಸಾರವಾಗಿ ವಿಂಗಡಿಸಿ ಒಂದೊಂದಕ್ಕೆ ಒಂದೊಂದು ಜಗಲಿ ಕಟ್ಟಿದ್ದರು: ವಿಜ್ಞಾನಕ್ಕೊಂದು, ಸಂಗೀತಕ್ಕೊಂದು, ಸಸ್ಯಾಹಾರಕ್ಕೊಂದು. ಭಾರತೀಯರು ಸೇರುತ್ತಿದ್ದ ಜಗಲಿಗೆ ಸೋಕ್.ಕಲ್ಚರ್.ಇಂಡಿಯನ್ ಎಂದು ಹೆಸರು. ಕರ್ನಾಟಕದವರಿಗೆಂದು ಅದರ ಮಗ್ಗುಲಲ್ಲೇ ಇನ್ನೊಂದು ಜಗಲಿಯೂ ಏರ್ಪಟ್ಟಿತು. ಜಗಲಿಯೆಂದ ಮೇಲೆ ಹರಟೆ, ಚರ್ಚೆ, ಜಗಳ ಎಲ್ಲವೂ ಇದ್ದವೆಂದು ಬೇರೆ ಹೇಳಬೇಕಾಗಿಲ್ಲ. ಪ್ರತಿವರ್ಷ ಸೆಪ್ಟೆಂಬರಿನಲ್ಲಿ ಕಾಲೇಜಿಗೆ ಹೊಸದಾಗಿ ಸೇರಿದವರು ಬಂದು ಗದ್ದಲವೆಬ್ಬಿಸುವರು, ಹಳಬರು ಅವರಿಗೆ ಮರ್ಯಾದೆ ಕಲಿಸುವರು. ೧೯೯೩ರಲ್ಲಿ ಬಂದ ಜನಪ್ರವಾಹ ಮಾತ್ರ ಇಳಿಯಲೇ ಇಲ್ಲ. ಅದನ್ನು ಇಂದಿಗೂ ಮುಗಿಯದ ಸೆಪ್ಟೆಂಬರೆಂದು ಹಳಬರು ಹಾಸ್ಯ ಮಾಡುತ್ತಾರೆ. ಸಾರಿನ ಪುಡಿಯ ಓಲೆ ಹೊರಟುದು ಆ ಸೆಪ್ಟೆಂಬರಿನ ನಾಲ್ಕನೆಯ ತಿಂಗಳಿನಲ್ಲಿ ಎನ್ನಬೇಕು.

ಬರೆದುದು ಉಳಿಯುವುದೆಂದು ಅಲ್ಲಿ ಯಾರೂ ಭಾವಿಸಿರಲಿಲ್ಲ. ಆಗಿನ ಕಂಪ್ಯೂಟರುಗಳಲ್ಲಿ ಜಾಗ ಕಡಿಮೆ. ಕೆಲವು ದಿನ, ಹೆಚ್ಚೆಂದರೆ ಕೆಲವು ವಾರ ಇಟ್ಟುಕೊಂಡು ಹಳೆಯದನ್ನು ಅಳಿಸುವುದೇ ಪದ್ಧತಿ. ಹಾಗಿದ್ದರೂ ಕೂಡಿಡುವ ಸ್ವಭಾವದವರು ಎಲ್ಲ ಕಡೆಯೂ ಒಬ್ಬರಾದರೂ ಇದ್ದೇ ಇರುತ್ತಾರೆ. ಕೆನಡಾ ದೇಶದ ಟೊರಾಂಟೊ ವಿಶ್ವವಿದ್ಯಾಲಯದ ಪ್ರಾಣಿಶಾಸ್ತ್ರ ವಿಭಾಗದಲ್ಲಿದ್ದ ಹೆನ್ರಿ ಸ್ಪೆನ್ಸರ್ ಎಂಬುವನು ೧೯೮೧ರಿಂದ ೧೯೯೧ರವರೆಗೆ ಬಂದ ಓಲೆಗಳನ್ನು ಅಯಸ್ಕಾಂತ ಪಟ್ಟಿಯ ಸುರುಳಿಗಳ ಮೇಲೆ ಇಳಿಸಿಡುತ್ತ ಹೋದನು. ಸುರುಳಿಗಳು ೧೪೧ ಆದವು. ಓಲೆಗಳು ಇಪ್ಪತ್ತು ಲಕ್ಷಕ್ಕೂ ಮಿಕ್ಕಿದವು. ಆತ ಕೈಬಿಟ್ಟುದು ೧೯೯೧ರಲ್ಲಿ. ೧೯೯೫ರಲ್ಲಿ ಡೆಜಾ ನ್ಯೂಸ್ ಎಂಬ ಕಂಪನಿ ಅಂದಂದಿನ ಓಲೆಗಳನ್ನು ಕೂಡಿಟ್ಟು, ಯಾವ ಪದ ಹೇಳಿದರೂ ಅದಿರುವ ಓಲೆಯನ್ನು ಎತ್ತಿಕೊಡುವ ಸೂಚಿಯನ್ನು ಕಟ್ಟಿತು. ಆಗ ಗಾಬರಿಯಾದವರೂ ಉಂಟು. ವಾರದಲ್ಲಿ ಅಳಿಸಿಹೋಗುವುದೆಂಬ ಧೈರ್ಯದಿಂದ ಆಡಿದ ಮಾತು ಹತ್ತು ವರ್ಷದ ಮೇಲೆ ಮಾವನವರ ಕೈಗೆ ಸಿಕ್ಕಿದರೆ ಗತಿಯೇನು? ‘ಇದನ್ನು ಕೂಡಿಡಬೇಡಿ’ ಎಂದು ಓಲೆಯ ತಲೆಯ ಮೇಲೆಯೇ ಗುರುತು ಹಾಕುವ ಉಪಾಯ ಬಳಕೆಗೆ ಬಂದುದು ಈ ಕಾರಣದಿಂದ. ೨೦೦೧ರಲ್ಲಿ ಗೂಗಲ್ ಕಂಪನಿ ಆ ಭಂಡಾರವನ್ನು ಕೊಂಡು, ಟೊರಾಂಟೊದ ಸುರುಳಿಗಳನ್ನೂ ಸೇರಿಸಿ, ಅದೇ ವರ್ಷದ ಡಿಸೆಂಬರಿನಲ್ಲಿ ಇಪ್ಪತ್ತು ವರ್ಷಗಳ ಎಪ್ಪತ್ತು ಕೋಟಿ ಓಲೆಗಳನ್ನು ಜನರ ಮುಂದಿಟ್ಟಿತು.

ಲೆಕ್ಕದಲ್ಲಿ ಚುರುಕಾಗಿರುವ ವಾಚಕರು ಇಷ್ಟರಲ್ಲಿ ಒಂದು ತೊಡಕನ್ನು ಕಂಡಿರಬಹುದು. ಸುರುಳಿಗಳು ನಿಂತುದು ೧೯೯೧ರಲ್ಲಿ, ಡೆಜಾ ನ್ಯೂಸ್ ಆರಂಭವಾದುದು ೧೯೯೫ರಲ್ಲಿ. ನಡುವಿನ ವರ್ಷಗಳನ್ನು ಯಾರು ಯಾರೋ ಇಟ್ಟುಕೊಂಡಿದ್ದ ತಟ್ಟೆಗಳಿಂದ, ಖಾಸಗಿ ಸಂಗ್ರಹಗಳಿಂದ ತೇಪೆ ಹಾಕಿ ತುಂಬಿದ್ದರು. ತೇಪೆ ಎಂದ ಮೇಲೆ ನಡುನಡುವೆ ತೂತುಗಳಿದ್ದೇ ಇರುತ್ತವೆ. ೧೯೯೩ರ ಡಿಸೆಂಬರು ಅಲ್ಲಿಯೇ ಬೀಳುತ್ತದೆ.

ಯಜಮಾನರಿಗೆ ಇದಾವುದೂ ಮೊದಲು ತಿಳಿದಿರಲಿಲ್ಲ. ಅವರು ಮಾಡಿದ ಮೊದಲನೆಯ ಕೆಲಸವೆಂದರೆ ಯೂಸ್‌ನೆಟ್ಟಿಗೆ ಸೂಚಿ ಒದಗಿಸುವ ತಾಣವೊಂದನ್ನು ಕಂಡುಹಿಡಿದು ಹಣ ಕಟ್ಟಿದುದು. ಅಕ್ಷರಗಳಿಗಾಗಿ ಹುಟ್ಟಿದ ಯೂಸ್‌ನೆಟ್ ಈಚೆಗೆ ಬಹುಮಟ್ಟಿಗೆ ದೊಡ್ಡ ದೊಡ್ಡ ಕಡತಗಳ ಸಾಗಾಣಿಕೆಗೆ ಒದಗುತ್ತಿದೆ. ಒಂದು ಕಡತವನ್ನು ನೂರಾರು ತುಂಡು ಮಾಡಿ, ಪ್ರತಿ ತುಂಡನ್ನೂ ಅಕ್ಷರಗಳ ವೇಷ ತೊಡಿಸಿ, ಒಂದೊಂದು ಓಲೆಯಾಗಿ ಹಾಕುತ್ತಾರೆ. ಪ್ರತಿಯೊಂದು ಓಲೆಗೂ ಜಗತ್ತಿನಲ್ಲಿ ಇನ್ನೊಂದಕ್ಕಿಲ್ಲದ ಒಂದು ಗುರುತಿನ ಹೆಸರಿರುತ್ತದೆ. ಸೂಚಿಯ ತಾಣದಲ್ಲಿ ಕಡತಗಳಿರುವುದಿಲ್ಲ. ಯಾವ ಕಡತಕ್ಕೆ ಯಾವ ಯಾವ ಗುರುತಿನ ಓಲೆಗಳು ಸೇರಿವೆಯೆಂಬ ಪಟ್ಟಿ ಮಾತ್ರ ಇರುತ್ತದೆ. ಎನ್‌ಜೆಡ್‌ಬಿ ಎಂಬ ಆ ಪಟ್ಟಿಯನ್ನು ಇಳಿಸಿಕೊಂಡು ತಮ್ಮ ಕಂಪ್ಯೂಟರಿನ ಕೈಗೆ ಕೊಟ್ಟರೆ, ಅದು ಬೇರೆ ಸರ್ವರಿನಿಂದ ತುಂಡುಗಳನ್ನೆಲ್ಲ ಹೆಕ್ಕಿ ತಂದು ಜೋಡಿಸುತ್ತದೆ. ಕೆಲವು ತುಂಡು ಕಳೆದುಹೋಗಿದ್ದರೂ ಚಿಂತೆಯಿಲ್ಲ; ಜೊತೆಗೆ ಕಳಿಸಿರುವ ದುರಸ್ತಿಯ ಓಲೆಗಳು ಸಾಕಷ್ಟಿದ್ದರೆ, ಇಲ್ಲದ ತುಂಡನ್ನು ಗಣಿತದಿಂದಲೇ ಮತ್ತೆ ಹುಟ್ಟಿಸಬಹುದು. ಜಾಣತನವನ್ನು ಮೆಚ್ಚಲೇಬೇಕು. ಅದರ ಉಪಯೋಗವನ್ನು ಎಲ್ಲ ಕಡೆಯೂ ಮೆಚ್ಚುವ ಹಾಗಿಲ್ಲ. ಹೀಗೆ ಸಾಗುವುದರಲ್ಲಿ ಬೇರೆಯವರ ಹಕ್ಕಿನ ಚಲನಚಿತ್ರ, ಸಂಗೀತ, ಪುಸ್ತಕಗಳೇ ಬಹಳ. ‘ನಾವು ಪಟ್ಟಿ ಮಾತ್ರ ಕೊಡುತ್ತೇವೆ, ಸರಕು ನಮ್ಮದಲ್ಲ’ ಎಂಬ ವಾದ ಇಂಗ್ಲೆಂಡಿನ ಹೈಕೋರ್ಟಿನಲ್ಲಿ ೨೦೧೦ರಲ್ಲಿ ನಿಲ್ಲಲಿಲ್ಲ; ನ್ಯೂಸ್‌ಬಿನ್ ಎಂಬ ತಾಣ ಸೋತು ಬಾಗಿಲು ಹಾಕಿತು. ಕಳ್ಳಮಾಲಿರುವ ಮನೆಯನ್ನು ಬೆರಳು ಮಾಡಿ ತೋರಿಸುವವನು ತನ್ನ ಬೆರಳು ಶುದ್ಧವೆಂದು ಹೇಳಿಕೊಂಡರೆ ಯಾರು ನಂಬುತ್ತಾರೆ?

ಅದೇನೇ ಇರಲಿ, ಹಣ ಕಟ್ಟಿದ ತಾಣದಲ್ಲಿ ಯಜಮಾನರಿಗೆ ಬೇಕಾದುದು ಇರಲಿಲ್ಲ. ಇಂದಿನ ಕಾಸಿನ ಸರ್ವರುಗಳು ಹತ್ತು ಹದಿನೈದು ವರ್ಷಗಳ ಸರಕನ್ನು ಇಟ್ಟುಕೊಂಡಿವೆ. ೧೯೯೩ ಅವಕ್ಕೆ ಪುರಾಣಕಾಲ.

ಆಮೇಲೆ ಅವರು ಗೂಗಲ್ಲಿನ ಭಂಡಾರಕ್ಕೆ ಹೋದರು. ೨೦೨೪ರ ಫೆಬ್ರುವರಿ ೨೨ರಿಂದ ಆ ಕಂಪನಿ ಯೂಸ್‌ನೆಟ್ಟಿನ ಹೊಸ ಓಲೆಗಳನ್ನು ತೆಗೆದುಕೊಳ್ಳುವುದನ್ನು ನಿಲ್ಲಿಸಿದೆ. ಹಳೆಯವನ್ನು ಓದಲು ಬಿಟ್ಟಿದೆ. ಹೆಂಡತಿಯ ಹೆಸರಿನಿಂದ ಹುಡುಕಿದರು. ಒಂದೂ ಇಲ್ಲ. ಇರುವುದಾದರೂ ಹೇಗೆ? ಆಕೆಗೆ ವಿಶ್ವವಿದ್ಯಾಲಯದಲ್ಲಿ ಖಾತೆಯಿರಲಿಲ್ಲ. ಬರೆದುದು ಗಂಡನ ಖಾತೆಯಿಂದ. ಸೂಚಿಯ ಲೆಕ್ಕದಲ್ಲಿ ಸಾರಿನ ಪುಡಿಯ ಕರ್ತೃ ಯಜಮಾನರೇ! ಸರಿ, ತಮ್ಮ ಹೆಸರಿನಿಂದಲೇ ಹುಡುಕಿದರು. ಹದಿನಾಲ್ಕು ಓಲೆ ಸಿಕ್ಕಿದವು. ಎಲ್ಲವೂ ಅವರೇ ಬರೆದವು, ಎಲ್ಲವೂ ಜಗಳದವು. ಮೈಸೂರು ಹೆಚ್ಚೋ ಬೆಂಗಳೂರು ಹೆಚ್ಚೋ ಎಂಬ ವಿಷಯದಲ್ಲಿ ಬೆಳಗಾಂವಿಯವರೊಬ್ಬರೊಡನೆ ಮೂರು ದಿನ ನಡೆಸಿದ ವಾಗ್ಯುದ್ಧ ಅಕ್ಷರವೂ ತಪ್ಪದೆ ಉಳಿದಿದ್ದಿತು. ಇಪ್ಪತ್ತೊಂಬತ್ತರ ವಯಸ್ಸಿನ ಆ ಅಧಿಕಪ್ರಸಂಗಿಯ ಪರಿಚಯ ಯಜಮಾನರಿಗೆ ಮರೆತೇಹೋಗಿದ್ದಿತು. ಅವರು ಕಿವಿ ಕೆಂಪು ಮಾಡಿಕೊಂಡು ಪುಟ ಮುಚ್ಚಿದರು.

ವಸ್ತುವಿನ ಹೆಸರಿನಿಂದ ಹುಡುಕುವುದು ಇನ್ನೂ ಕಷ್ಟ. ಆಗ ಯೂಸ್‌ನೆಟ್ಟಿನಲ್ಲಿ ಕನ್ನಡ ಲಿಪಿಗೆ ದಾರಿಯಿರಲಿಲ್ಲ. ಯೂನಿಕೋಡ್ ೧೯೯೧ರಲ್ಲಿಯೇ ಕನ್ನಡಕ್ಕೆ ಜಾಗ ಕೊಟ್ಟಿದ್ದರೂ ಬಳಕೆಯ ಯಂತ್ರಗಳಿಗೆ ಅದು ಬಂದುದು ಎಷ್ಟೋ ತಡವಾಗಿ. ಕನ್ನಡವನ್ನು ಇಂಗ್ಲಿಷ್ ಅಕ್ಷರದಲ್ಲಿಯೇ ಬರೆಯಬೇಕು, ಮತ್ತು ಒಬ್ಬೊಬ್ಬರದು ಒಂದೊಂದು ಕಾಗುಣಿತ. ಸಾರಿಗೆ ಒಂದು ಎ ಹಾಕುವವರು ಕೆಲವರು, ಎರಡು ಹಾಕುವವರು ಕೆಲವರು. ಪುಡಿಗೆ ಒಬ್ಬರು ಯು ಎಂದರೆ ಇನ್ನೊಬ್ಬರು ಎರಡು ಓ ಎಂದರು. ಯಜಮಾನರು ಕಾಗದದ ಮೇಲೆ ಬರೆದುಕೊಂಡು ಒಂದೊಂದಾಗಿ ಇಪ್ಪತ್ತಾರು ರೂಪಗಳನ್ನು ಪ್ರಯತ್ನಿಸಿದರು. ತಮಿಳರ ರಸಂ ಪುಡಿ ರಾಶಿ ರಾಶಿಯಾಗಿ ಬಂದಿತು. ಆಕೆಯದು ಬರಲಿಲ್ಲ.

ಅವರು ಎಂಜಿನಿಯರಾದ್ದರಿಂದ ಹಠ ಬಿಡಲಿಲ್ಲ. ಸ್ಯಾನ್ ಫ್ರಾನ್ಸಿಸ್ಕೋದ ಇಂಟರ್ನೆಟ್ ಆರ್ಕೈವ್ ಎಂಬ ಸಾರ್ವಜನಿಕ ಗ್ರಂಥಭಂಡಾರದಲ್ಲಿ ಯೂಸ್‌ನೆಟ್ಟಿನ ಜಗಲಿಗಳನ್ನು ಒಂದೊಂದು ಕಡತವಾಗಿ ಕಟ್ಟಿಟ್ಟಿದ್ದಾರೆ. ಬೇಕಾದ ಜಗಲಿಯನ್ನು ಇಡಿಯಾಗಿ ಇಳಿಸಿಕೊಳ್ಳಬಹುದು, ಕಾಸಿಲ್ಲ, ಕಾಯುವುದಷ್ಟೆ. ಸೂಚಿ ಮಾಡಿದವನು ಯಾವ ಪದವನ್ನು ಹಿಡಿದನು, ಯಾವುದನ್ನು ಬಿಟ್ಟನು ಎಂಬ ಸಂಶಯವೂ ಅಲ್ಲಿಲ್ಲ. ಓಲೆಗಳು ತಲೆಬರಹ, ದಿನಾಂಕ, ಗುರುತಿನ ಹೆಸರುಗಳೊಂದಿಗೆ ಒಂದರ ಕೆಳಗೊಂದು ಬಿದ್ದಿರುತ್ತವೆ. ತಮ್ಮ ಸೂಚಿಯನ್ನು ತಾವೇ ಮಾಡಿಕೊಳ್ಳಬೇಕು. ಹಳೆಯ ಮನೆಯ ಅಟ್ಟದಿಂದ ಓಲೆಗರಿಯ ಕಟ್ಟನ್ನು ಕೆಳಗಿಳಿಸಿ ಧೂಳು ಕೊಡವುವವರು ಪಡುವ ಪಾಡೇ ಇದು. ಯಜಮಾನರು ಭಾರತೀಯರ ಜಗಲಿಯನ್ನು ಇಳಿಸಿಕೊಂಡು, ಯಾವ ಪದವನ್ನು ಹುಡುಕಲಿ ಎಂದು ಯೋಚಿಸುತ್ತ ಕುಳಿತರು. ಪುಣೆಗೆ ಫೋನು ಮಾಡಿದರು.

‘ಸಾರು, ಪುಡಿ ಎಲ್ಲ ಬೇಡ ಅಪ್ಪಾ. ಅಮ್ಮ ಮಾತ್ರ ಆಡುವ ಮಾತು ಯಾವುದು, ಹೇಳು ನೋಡೋಣ’ ಎಂದಳು ಮಗಳು.

ಉತ್ತರ ಇಬ್ಬರ ಬಾಯಿಂದಲೂ ಒಟ್ಟಿಗೆ ಬಂದಿತು.

ಕಣ್ಣಳತೆ. ಒತ್ತಿ ಹೇಳುವ ಣಕಾರ, ಳಕಾರಗಳಿಗೆ ಇಂಗ್ಲಿಷಿನ ದೊಡ್ಡಕ್ಷರ ಹಾಕುವುದನ್ನು ಆಕೆಗೆ ಕಲಿಸಿದವರು ಯಜಮಾನರೇ. ಹಾಗೆಯೇ ಬರೆದು ಹುಡುಕಿದರು. ಅಷ್ಟು ದೊಡ್ಡ ಕಡತದಲ್ಲಿ ಆ ಪದ ಒಂದೇ ಒಂದು ಕಡೆ ಇದ್ದಿತು.

ಅದು ಆಕೆಯ ಓಲೆಯಲ್ಲ. ಸಾರಿಗಾಗಿ ಗೋಗರೆದಿದ್ದ ಹುಡುಗ ನಾಲ್ಕು ದಿನಗಳ ಮೇಲೆ ಬರೆದ ಕೃತಜ್ಞತೆಯ ಓಲೆ. ಯೂಸ್‌ನೆಟ್ಟಿನಲ್ಲಿ ಉತ್ತರ ಬರೆಯುವವರು ಹಿಂದಿನವರ ಮಾತನ್ನು ಮೇಲೆ ಎತ್ತಿ ಬರೆದು, ಪ್ರತಿ ಸಾಲಿನ ಮೊದಲಿಗೂ ಬಾಣದ ಮೊನೆಯಂಥ ಒಂದು ಗುರುತು ಹಾಕುವುದು ವಾಡಿಕೆ. ಆ ಬಾಣಗಳ ಹಿಂದೆ ಆಕೆಯ ಮಾತು ಇದ್ದಿತು. ಓಲೆಯ ತಲೆಯ ಮೇಲೆ, ಇದು ಯಾವ ಓಲೆಗೆ ಉತ್ತರವೆಂಬುದನ್ನು ಸೂಚಿಸುವ ಸಾಲಿನಲ್ಲಿ, ಆಕೆಯ ಮೂಲ ಓಲೆಯ ಗುರುತಿನ ಹೆಸರೂ ಇದ್ದಿತು. ಅದರ ಬಾಲಕ್ಕೆ ಯಜಮಾನರ ವಿಭಾಗದ ಕಂಪ್ಯೂಟರಿನ ಹೆಸರು ಅಂಟಿಕೊಂಡಿದ್ದಿತು. ಆ ಯಂತ್ರ ಗುಜರಿಗೆ ಹೋಗಿ ಎಷ್ಟು ಕಾಲವಾಯಿತೋ! ಆ ಗುರುತನ್ನು ಹಿಡಿದುಕೊಂಡು ಅವರು ಇಡೀ ಕಡತವನ್ನು ಮತ್ತೆ ಜಾಲಿಸಿದರು. ಗುರುತನ್ನು ಕೊಟ್ಟರೆ ಓಲೆಯನ್ನು ತೆಗೆದುಕೊಡುವ ಬೇರೆ ತಾಣಗಳಲ್ಲಿಯೂ ಕೇಳಿದರು. ವಿಳಾಸ ಸರಿಯಾಗಿದೆ, ಮನೆ ಇಲ್ಲ. ಮೂಲ ಓಲೆ ಯಾವುದೋ ತೂತಿನಿಂದ ಜಾರಿಹೋಗಿದ್ದಿತು.

ಹುಡುಗ ಇನ್ನೂ ಸ್ವಲ್ಪ ಅವಿವೇಕಿಯಾಗಿದ್ದರೆ ಚೆನ್ನಾಗಿತ್ತು. ಹಿಂದಿನವರ ಮಾತನ್ನು ಪೂರ್ತಿ ಎತ್ತಿ ಬರೆದು ಜಾಗ ಹಾಳುಮಾಡಬಾರದು, ಬೇಕಾದಷ್ಟನ್ನು ಇಟ್ಟುಕೊಂಡು ಉಳಿದುದನ್ನು ಕತ್ತರಿಸಬೇಕು ಎಂದು ಹಳಬರು ಹೊಸಬರಿಗೆ ಪಾಠ ಹೇಳುತ್ತಿದ್ದ ಕಾಲ ಅದು. ಅವನು ಒಳ್ಳೆಯ ವಿದ್ಯಾರ್ಥಿ. ಹದಿನೊಂದು ಸಾಲು ಇಟ್ಟುಕೊಂಡು ಮಿಕ್ಕುದನ್ನು ಕತ್ತರಿಸಿ, ‘ಇಲ್ಲಿ ಕೆಲವು ಸಾಲು ಬಿಟ್ಟಿದೆ’ ಎಂದು ಮರ್ಯಾದೆಯಿಂದ ಬರೆದಿದ್ದನು.

ಉಳಿದಿರುವ ಸಾಲುಗಳು ಹೀಗಿವೆ. ಕಾಫಿಯ ಬಟ್ಟಲಿನಲ್ಲಿ ಒಂದು ಬಟ್ಟಲು ಕೊತ್ತಂಬರಿ ಬೀಜ. ಎರಡು ಚಮಚ ಜೀರಿಗೆ. ಒಂದೂವರೆ ಚಮಚ ಮೆಣಸು. ಬೇರೆ ಬೇರೆ ಹುರಿಯಬೇಕು, ಒಟ್ಟಿಗೆ ಹಾಕಿದರೆ ಜೀರಿಗೆ ಸೀಯುತ್ತದೆ. ಬ್ಯಾಡಗಿ ಮೆಣಸಿನಕಾಯಿ ಅಲ್ಲಿ ಸಿಕ್ಕುವುದಿಲ್ಲವಾದ್ದರಿಂದ ಮೆಕ್ಸಿಕೋದವರ ಅಂಗಡಿಯಲ್ಲಿ ಬಣ್ಣದ ಒಣಮೆಣಸಿನಕಾಯಿ ಕೇಳಬೇಕು. ಅದರ ಮುಂದೆ ಆಕೆಯ ಮಾತು: ‘ಇಪ್ಪತ್ತು ಹಾಕಿ. ನಾನು ಹಾಕುವುದು ಹತ್ತೇ. ಯಜಮಾನರ ಹೊಟ್ಟೆಗೆ ಖಾರ ಆಗುವುದಿಲ್ಲ, ಹಾಗೆಂದು ಹೇಳಿದರೆ ಅವರಿಗೆ ಕೋಪ. ಇಷ್ಟು ದಿನ ಕಣ್ಣಳತೆಯಲ್ಲೇ ನಡೆದಿದೆ, ಅವರಿಗೆ ಗೊತ್ತಿಲ್ಲ.’

ಯಜಮಾನರು ಆ ಸಾಲುಗಳನ್ನು ಎಷ್ಟು ಹೊತ್ತು ನೋಡುತ್ತ ಕುಳಿತಿದ್ದರೆಂಬುದನ್ನು ಹೇಳುವುದು ಕಷ್ಟ. ಮದುವೆಯಾದ ಹೊಸತರಲ್ಲಿ ಅವರಿಗೆ ಹೊಟ್ಟೆಹುಣ್ಣಿನ ತೊಂದರೆ ಇದ್ದುದು ನಿಜ. ಅಮೆರಿಕದಿಂದ ಬಂದ ಮೇಲೆ ಅದು ಹೇಗೋ ತಾನಾಗಿ ಕಡಮೆಯಾಗಿದ್ದಿತು. ತಮ್ಮ ಶರೀರವೇ ಗಟ್ಟಿಯೆಂದು ಅವರು ತಿಳಿದಿದ್ದರು. ಅಲ್ಲದೆ, ಊಟಕ್ಕೆ ಕುಳಿತಾಗಲೆಲ್ಲ ‘ಅಕ್ಕನ ಮನೆಯ ಸಾರಿನ ಹದ ಇದಕ್ಕಿಲ್ಲ, ಸಪ್ಪೆ’ ಎಂದು ಸುಮಾರು ಮೂವತ್ತು ವರ್ಷ ಹೇಳಿಕೊಂಡು ಬಂದಿದ್ದರು. ‘ನನಗೆ ಬರುವುದೇ ಇಷ್ಟು’ ಎಂದು ಆಕೆ ಮತ್ತೊಂದು ಸೌಟು ಬಡಿಸುತ್ತಿದ್ದಳು.

ಮರುದಿನ ಮಗಳು ಫೋನು ಮಾಡಿದಾಗ ಅವರು ಕಾಗದ ನೋಡಿಕೊಂಡು ಒಂದೊಂದಾಗಿ ಓದಿದರು. ಆಕೆ ಬರೆದುಕೊಂಡಳು.

‘ಮೆಂತ್ಯ ಎಷ್ಟು ಅಪ್ಪಾ? ಸಾಸಿವೆ, ಕರಿಬೇವು?’

‘ಆ ಸಾಲುಗಳು ಹೋಗಿವೆ, ಪುಟ್ಟಿ. ಅಲ್ಲಿ ಬಿಟ್ಟಿದೆ.’

‘ಸರಿ, ಅದನ್ನು ನಾನು ನೋಡಿಕೊಂಡು ಹಾಕುತ್ತೇನೆ. ಮೆಣಸಿನಕಾಯಿ?’

ಯಜಮಾನರು ತುಸು ತಡೆದರು.

‘ಇಪ್ಪತ್ತು ಎಂದು ಬರೆದಿದ್ದಾಳೆ’ ಎಂದರು. ‘ಇಲ್ಲಿಗೆ ಬರುವಾಗ ನನಗೆಂದು ಬೇರೆ ಮಾಡಿಕೊಂಡು ಬಾ. ಅದಕ್ಕೆ ಹತ್ತೇ ಹಾಕು.’